405 ಲೈನ್ ಹಳೇ ಟಿವಿಗೆ ಸ್ಟ್ಯಾಂಡರ್ಡ್ಸ್ ಕನ್ವರ್ಟರ್: ಬಿಡಿಭಾಗ ಹುಡುಕುವುದರಿಂದ ಚಿತ್ರ ಬರುವವರೆಗೆ

ನನ್ನ ಮೇಜಿನ ಮೇಲೆ ಒಂದು ಬುಷ್ ಟಿವಿ22 ಇದೆ. 1950ರ ಮಾಡೆಲ್. ಒಂಬತ್ತು ಇಂಚಿನ ಪರದೆ, ಕಂದು ಬಣ್ಣದ ಬೇಕಲೈಟ್ ಪೆಟ್ಟಿಗೆ. ಇದಕ್ಕೆ ಬೇಕಾದ 405 ಲೈನ್ ಸಿಗ್ನಲ್, ಅಂದರೆ ಒಂದು ಚಿತ್ರವನ್ನು 405 ಅಡ್ಡ ಗೆರೆಗಳಾಗಿ ಕಳಿಸುವ ಸಿಗ್ನಲ್, ಇಂದು ಎಲ್ಲೂ ಪ್ರಸಾರ ಆಗುತ್ತಿಲ್ಲ. ಬಿಬಿಸಿ 1936ರ ನವೆಂಬರ್ 2ರಂದು ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೆಸ್‌ನಿಂದ ಶುರು ಮಾಡಿದ ಸೇವೆಯ 405 ಲೈನ್ ಪ್ರಸಾರ 1985ರ ಜನವರಿಯಲ್ಲಿ ಪೂರ್ತಿ ನಿಂತುಹೋಯಿತು. ಹಾಗಾಗಿ ಇಂಥ ಸೆಟ್‌ನಲ್ಲಿ ಚಿತ್ರ ನೋಡಬೇಕಾದರೆ ಇಂದಿನ 625 ಲೈನ್ ವಿಡಿಯೋವನ್ನು 405ಕ್ಕೆ ಬದಲಾಯಿಸಿಕೊಡುವ ಪೆಟ್ಟಿಗೆ ನಾವೇ ಕಟ್ಟಿಕೊಳ್ಳಬೇಕು. ಅದೇ ಸ್ಟ್ಯಾಂಡರ್ಡ್ಸ್ ಕನ್ವರ್ಟರ್.

ನಮ್ಮ ದೇಶಕ್ಕೆ 405 ಬರಲೇ ಇಲ್ಲ. 1959ರಲ್ಲಿ ದೆಹಲಿಯಲ್ಲಿ ಟಿವಿ ಶುರುವಾದಾಗಲೇ 625 ಲೈನ್ ಇತ್ತು. ಆದ್ದರಿಂದ ಇದು ಬ್ರಿಟನ್ನಿನಲ್ಲಿ ನೆಲೆಸಿ ಹಳೇ ಸೆಟ್ ಕೊಂಡ ಕನ್ನಡಿಗರಿಗೆ, ಅಲ್ಲಿಂದ ಒಂದನ್ನು ಊರಿಗೆ ತಂದವರಿಗೆ, ಮತ್ತು ಎಫ್‌ಪಿಜಿಎ (ನಮಗೆ ಬೇಕಾದ ಲಾಜಿಕ್ ಬರೆದು ತುಂಬಬಹುದಾದ ಐಸಿ) ಜೊತೆ ಆಡಲು ಒಳ್ಳೆಯ ಪ್ರಾಜೆಕ್ಟ್ ಹುಡುಕುತ್ತಿರುವವರಿಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಕಷ್ಟ ಸರ್ಕ್ಯೂಟ್ ಅಲ್ಲ, ಬಿಡಿಭಾಗ. 1950ರ ಸೆಟ್‌ನ ವಾಲ್ವ್‌ಗಳು (ಗಾಜಿನ ಎಲೆಕ್ಟ್ರಾನ್ ಟ್ಯೂಬ್‌ಗಳು) ಹಳೇ ಸ್ಟಾಕ್‌ನಲ್ಲಿ ಇನ್ನೂ ಸಿಗುತ್ತವೆ. 1990ರ ದಶಕದ ಕನ್ವರ್ಟರ್ ನಕ್ಷೆಗಳಲ್ಲಿರುವ ಐಸಿಗಳು ಸಿಗುವುದೇ ಕಷ್ಟ. ಹಾಗಾಗಿ ಬೋರ್ಡ್ ಬರೆದು ಆಮೇಲೆ ಪಾರ್ಟ್ ಹುಡುಕಬೇಡಿ. ಪಾರ್ಟ್ ಕೈಗೆ ಬಂದ ಮೇಲೆ ಬೋರ್ಡ್ ಬರೆಯಿರಿ. ಜೊತೆಗೆ ಇಡೀ ಕನ್ವರ್ಟರನ್ನು ಮೂರು ಬೇರೆ ಬೇರೆ ಬೋರ್ಡ್ ಮಾಡಿ: ಒಳಬರುವ ವಿಡಿಯೋವನ್ನು ಅಂಕಿ ಮಾಡುವ ಡಿಕೋಡರ್, ನಡುವೆ 625ನ್ನು 405 ಮಾಡುವ ಲಾಜಿಕ್, ಕೊನೆಗೆ ಅದನ್ನು ಸೆಟ್‌ನ ಚಾನೆಲ್‌ಗೆ ಏರಿಸುವ ಮಾಡ್ಯುಲೇಟರ್. ನಾಳೆ ಡಿಕೋಡರ್ ಐಸಿ ನಿಂತುಹೋದರೆ ಒಂದು ಬೋರ್ಡ್ ಬದಲಾಯಿಸಿದರೆ ಸಾಕು.

ಹೆಜ್ಜೆ 1: ಸೆಟ್‌ಗೆ ಏನು ಬೇಕು, ಬರೆದುಕೊಳ್ಳಿ

ಬ್ರಿಟಿಷ್ 405 ಲೈನ್ ಪದ್ಧತಿಗೆ ಸಿಸ್ಟಮ್ ಎ ಅನ್ನುತ್ತಾರೆ. ಸೆಕೆಂಡಿಗೆ 50 ಫೀಲ್ಡ್, 25 ಫ್ರೇಮ್. ಫ್ರೇಮ್ ಅಂದರೆ ಒಂದು ಪೂರ್ತಿ ಚಿತ್ರ, ಫೀಲ್ಡ್ ಅಂದರೆ ಒಂದು ಬಿಟ್ಟು ಒಂದು ಲೈನ್ ಇರುವ ಅದರ ಅರ್ಧ, ಇದಕ್ಕೇ ಇಂಟರ್‌ಲೇಸ್ ಅನ್ನುವುದು. ಲೈನ್ ಫ್ರೀಕ್ವೆನ್ಸಿ 10,125 ಹರ್ಟ್ಜ್, ಅಂದರೆ ಒಂದು ಲೈನ್‌ಗೆ 98.77 ಮೈಕ್ರೋಸೆಕೆಂಡ್. 405ರಲ್ಲಿ ಚಿತ್ರ ಇರುವುದು 377 ಲೈನ್‌ಗಳಲ್ಲಿ. ವಿಡಿಯೋ ಬ್ಯಾಂಡ್‌ವಿಡ್ತ್ 3 ಮೆಗಾಹರ್ಟ್ಜ್. ಮಾಡ್ಯುಲೇಶನ್ ಪಾಸಿಟಿವ್, ಅಂದರೆ ಬಿಳಿ ಬಂದಾಗ ಕ್ಯಾರಿಯರ್ (ಸಿಗ್ನಲ್ ಹೊತ್ತು ತರುವ ರೇಡಿಯೋ ಅಲೆ) ಜಾಸ್ತಿ. ಧ್ವನಿ ಎಫ್‌ಎಂ ಅಲ್ಲ, ಎಎಂ. ಧ್ವನಿಯ ಕ್ಯಾರಿಯರ್ ಚಿತ್ರದ ಕ್ಯಾರಿಯರ್‌ಗಿಂತ 3.5 ಮೆಗಾಹರ್ಟ್ಜ್ ಕೆಳಗೆ ಇರುತ್ತದೆ.

ನಿಮ್ಮ ಸೆಟ್ ಯಾವ ಚಾನೆಲ್‌ದು ಅಂತ ನೋಡಿ. ಚಾನೆಲ್ 1 ಆದರೆ ಚಿತ್ರ 45.00, ಧ್ವನಿ 41.50 ಮೆಗಾಹರ್ಟ್ಜ್. ಲಂಡನ್ ಸುತ್ತಮುತ್ತ ಮಾರಿದ ಸೆಟ್‌ಗಳು ಇದಕ್ಕೇ ಟ್ಯೂನ್ ಆಗಿರುವುದು ಜಾಸ್ತಿ. ಬರ್ಮಿಂಗ್‌ಹ್ಯಾಮ್ ಕಡೆಯ ಸಟ್ಟನ್ ಕೋಲ್ಡ್‌ಫೀಲ್ಡ್ ಪ್ರಸಾರ ಕೇಂದ್ರ ಚಾನೆಲ್ 4ರಲ್ಲಿತ್ತು: 61.75 ಮತ್ತು 58.25. ತೀರಾ ಹಳೇ ಸೆಟ್‌ಗಳಲ್ಲಿ ಒಂದೇ ಚಾನೆಲ್ ಇರುತ್ತದೆ. ಸುಮ್ನೆ ಕಾಯಿಲ್ ತಿರುಗಿಸಿ ಅದನ್ನು ಕೆಡಿಸಬೇಡಿ. ಮಾಡ್ಯುಲೇಟರನ್ನೇ ಅದಕ್ಕೆ ಹೊಂದಿಸಿ.

ಹೆಜ್ಜೆ 2: ಮೂಲ ಸಿಗ್ನಲ್

625 ಲೈನ್, 50 ಫೀಲ್ಡ್ ವಿಡಿಯೋನೇ ಬೇಕು. 525 ಲೈನ್, 60 ಫೀಲ್ಡ್‌ನದು ಬೇಡ. ಫೀಲ್ಡ್ ದರ ಬೇರೆಯಾದರೆ ಇಡೀ ಫ್ರೇಮ್ ಮೆಮೊರಿಯಲ್ಲಿ ಇಟ್ಟುಕೊಳ್ಳಬೇಕು, ಚಲನೆ ಸರಿಪಡಿಸಬೇಕು. ಕೆಲಸ ಹತ್ತು ಪಟ್ಟು ಆಗುತ್ತದೆ. ಭಾರತದ ಮತ್ತು ಬ್ರಿಟನ್ನಿನ ಹಳೇ ಡಿವಿಡಿ ಪ್ಲೇಯರ್‌ಗಳು, ಸೆಟ್-ಟಾಪ್ ಬಾಕ್ಸ್‌ಗಳು ಪ್ಯಾಲ್ (625 ಲೈನ್ ಬಣ್ಣದ ಪದ್ಧತಿ) ಕಾಂಪೊಸಿಟ್ ಔಟ್‌ಪುಟ್, ಅಂದರೆ ಇಡೀ ಚಿತ್ರ ಒಂದೇ ತಂತಿಯಲ್ಲಿ, ಕೊಡುತ್ತವೆ. ಹಳದಿ ಆರ್‌ಸಿಎ ಸಾಕೆಟ್ ಇದ್ದರೆ ಸಾಕು. ಅದಿಲ್ಲದಿದ್ದರೆ ಎಚ್‌ಡಿಎಂಐನಿಂದ ಎವಿಗೆ ಮಾಡುವ ಚಿಕ್ಕ ಡಬ್ಬಿ ತಗೊಳ್ಳಿ, ಅದರ ಸ್ವಿಚ್ ಪ್ಯಾಲ್ ಕಡೆಗೆ ಇಡಿ. ಕೆಲವು ಹಳೇ ಗೇಮ್ ಕನ್ಸೋಲ್‌ಗಳು ಇಂಟರ್‌ಲೇಸ್ ಇಲ್ಲದ 312 ಲೈನ್ ಕೊಡುತ್ತವೆ, ಅದು ಪರೀಕ್ಷೆಗೆ ಬೇಡ.

ಹೆಜ್ಜೆ 3: ಡಿಕೋಡರ್ ಐಸಿ, ಇದನ್ನೇ ಮೊದಲು ಕೊಳ್ಳಿ

ಹಳೇ ನಕ್ಷೆಗಳಲ್ಲಿ ಫಿಲಿಪ್ಸ್‌ನ ಟಿಡಿಎ8708ಎ ಇರುತ್ತದೆ. ಕ್ಲ್ಯಾಂಪ್ (ಕಪ್ಪಿನ ಮಟ್ಟ ಹಿಡಿದಿಡುವುದು), ಎಜಿಸಿ (ಸಿಗ್ನಲ್ ಮಟ್ಟ ತಾನೇ ಹೊಂದಿಸುವುದು) ಎರಡೂ ಒಳಗೇ ಇರುವ 8 ಬಿಟ್ ವಿಡಿಯೋ ಎಡಿಸಿ, ಅಂದರೆ ಅನಲಾಗ್ ವಿಡಿಯೋವನ್ನು ಅಂಕಿ ಮಾಡುವ ಐಸಿ ಅದು. ಒಳ್ಳೆಯ ಐಸಿ, ಆದರೆ ತಯಾರಿ ನಿಂತಿದೆ. ಜೊತೆಗೆ 5 ವೋಲ್ಟ್‌ನದು. ಅದನ್ನು ಇಂದಿನ 3.3 ವೋಲ್ಟ್ ಎಫ್‌ಪಿಜಿಎಗೆ ಕೊಡಬೇಕಾದರೆ ಮಧ್ಯೆ ವೋಲ್ಟೇಜ್ ಇಳಿಸಲು 74ಎಲ್‌ವಿಸಿ245 ಹಾಕಬೇಕು. ಬಣ್ಣದ 4.43 ಮೆಗಾಹರ್ಟ್ಜ್ ಸಬ್‌ಕ್ಯಾರಿಯರ್ ತೆಗೆಯಲು ಬೇರೆ ಫಿಲ್ಟರ್, ಸಿಂಕ್ (ಲೈನ್, ಫೀಲ್ಡ್ ಎಲ್ಲಿ ಶುರು ಅಂತ ಹೇಳುವ ಪಲ್ಸ್) ಬಿಡಿಸಲು ಎಲ್‌ಎಂ1881, ಹೀಗೆ ಬೆಳೆಯುತ್ತಾ ಹೋಗುತ್ತದೆ.

ಅದಕ್ಕಿಂತ ವಿಡಿಯೋ ಡಿಕೋಡರ್ ಐಸಿ ಹಾಕುವುದು ವಾಸಿ. ಕಾಂಪೊಸಿಟ್ ಕೊಟ್ಟರೆ ಬಿಟಿ.656 ಅನ್ನುವ 8 ಬಿಟ್ ಡಿಜಿಟಲ್ ಹರಿವು ಕೊಡುತ್ತದೆ. ಅದರಲ್ಲಿ ಒಂದು ಬಿಟ್ಟು ಒಂದು ಬೈಟ್ ಬೆಳಕಿನ ಮಟ್ಟ. ನಮಗೆ ಕಪ್ಪು ಬಿಳುಪು ಮಾತ್ರ ಸಾಕು, ಬಣ್ಣದ ಬೈಟ್‌ಗಳನ್ನು ಬಿಟ್ಟುಬಿಡಿ. ಒಂದು ಲೈನ್‌ಗೆ 720 ಸ್ಯಾಂಪಲ್, ಕಪ್ಪು 16, ಬಿಳಿ 235.

ನಾನು ನೋಡಿದ ಮೂರು ಆಯ್ಕೆಗಳು ಇವು. ಅನಲಾಗ್ ಡಿವೈಸಸ್‌ನ ಎಡಿವಿ7180 ನನ್ನ ಮೊದಲ ಆಯ್ಕೆ. ಇದರಲ್ಲಿ ವಾಹನಗಳಿಗೆಂದೇ ಮಾಡಿದ ಆವೃತ್ತಿಯೂ ಇದೆ. ಕಾರಿಗೆ ಹೋಗುವ ಐಸಿಗಳನ್ನು ಕಂಪನಿಗಳು ಬೇಗ ನಿಲ್ಲಿಸುವುದಿಲ್ಲ. 28.63636 ಮೆಗಾಹರ್ಟ್ಜ್ ಕ್ರಿಸ್ಟಲ್ ಬೇಕು. 64 ಕಾಲಿನ ಪ್ಯಾಕೇಜ್ ತಗೊಳ್ಳಿ, ಕೈಯಲ್ಲೇ ಬೆಸುಗೆ ಹಾಕಬಹುದು. ಕಾಲಿಲ್ಲದ ಚೌಕದ ಪ್ಯಾಕೇಜ್‌ಗೆ ಬಿಸಿಗಾಳಿ ಗನ್ ಇಲ್ಲದೆ ಆಗುವುದಿಲ್ಲ. ಎರಡನೆಯದು ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಟಿವಿಪಿ5150ಎಎಂ1. 32 ಕಾಲು, 14.31818 ಮೆಗಾಹರ್ಟ್ಜ್ ಕ್ರಿಸ್ಟಲ್, ಕಡಿಮೆ ಪವರ್. ಮೂರನೆಯದು ಫಿಲಿಪ್ಸ್‌ನ ಎಸ್‌ಎಎ7113ಎಚ್, 24.576 ಮೆಗಾಹರ್ಟ್ಜ್ ಕ್ರಿಸ್ಟಲ್. ಇದು ಹೊಸದಾಗಿ ಬರುತ್ತಿಲ್ಲ. ಆದರೆ ಯುಎಸ್‌ಬಿ ವಿಡಿಯೋ ಕ್ಯಾಪ್ಚರ್ ಸ್ಟಿಕ್‌ಗಳಲ್ಲಿ ಇದೂ, ಟಿವಿಪಿ5150 ಕೂಡ ಬಳಕೆಯಾಗಿವೆ. ಹಾಳಾದ ಸ್ಟಿಕ್ ಬಿಚ್ಚಿ ನೋಡಿ. ಹಾಗೆ ಬಿಚ್ಚಿದಾಗ ಪಕ್ಕದ ಕ್ರಿಸ್ಟಲ್ ಕೂಡ ತೆಗೆದಿಟ್ಟುಕೊಳ್ಳಿ, ಈ ಬೆಸ ಫ್ರೀಕ್ವೆನ್ಸಿಗಳು ಎಲ್ಲ ಅಂಗಡಿಯಲ್ಲಿ ಇರುವುದಿಲ್ಲ.

ಮೂರಕ್ಕೂ ಐ2ಸಿ (ಐಸಿಗಳು ಮಾತಾಡುವ ಎರಡು ತಂತಿಯ ದಾರಿ) ಮೂಲಕ ಸೆಟ್ಟಿಂಗ್ ಕೊಡಬೇಕು. ಒಂದು ಚಿಕ್ಕ ಮೈಕ್ರೋಕಂಟ್ರೋಲರ್ ಸಾಕು. 5 ವೋಲ್ಟ್ ಆರ್ಡುಯಿನೋ ನೇರ ಜೋಡಿಸಬೇಡಿ, 3.3 ವೋಲ್ಟ್‌ನದು ಹಾಕಿ.

ಹೆಜ್ಜೆ 4: ಮೆಮೊರಿ ಎಷ್ಟು ಬೇಕು?

ಇಲ್ಲಿ ತುಂಬಾ ಜನ ಹೆದರುತ್ತಾರೆ. ಫ್ರೇಮ್ ಮೆಮೊರಿ ಐಸಿ ಹುಡುಕಿ ಹುಡುಕಿ ಸಾಕಾಗಿ ಪ್ರಾಜೆಕ್ಟ್ ಬಿಟ್ಟವರೂ ಇದ್ದಾರೆ. ಅದು ಬೇಕೇ ಇಲ್ಲ. ಯಾಕೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ.

ಎರಡೂ ಪದ್ಧತಿಯಲ್ಲಿ ಒಂದು ಫೀಲ್ಡ್‌ಗೆ 20 ಮಿಲಿಸೆಕೆಂಡ್. ಒಳಗೆ 64 ಮೈಕ್ರೋಸೆಕೆಂಡಿಗೊಂದು ಲೈನ್ ಬರುತ್ತದೆ, ಹೊರಗೆ 98.77ಕ್ಕೊಂದು ಹೋಗುತ್ತದೆ. ಅಷ್ಟು ಹೊತ್ತಿನಲ್ಲಿ ಒಳಗೆ 1.543 ಲೈನ್ ಬಂದಿರುತ್ತದೆ. ಹೊರಗಿನ ಒಂದು ಲೈನ್‌ಗೆ ಬೇಕಾಗುವುದೂ ಒಳಗಿನ 1.543 ಲೈನ್‌ನ ವಸ್ತುವೇ. ಹಾಗಾಗಿ ಎರಡರ ನಡುವಿನ ಅಂತರ ಬೆಳೆಯುವುದಿಲ್ಲ. ಮೇಲಿನಿಂದ ಕೆಳಗಿನ ತನಕ ಇಬ್ಬರೂ ಜೊತೆಜೊತೆಗೇ ಇಳಿಯುತ್ತಾರೆ. ನಾಲ್ಕು ಲೈನ್ ಹಿಡಿಸುವಷ್ಟು ಜಾಗ ಸಾಕು: 720 ಗುಣಿಸು 8 ಬಿಟ್ ಗುಣಿಸು 4, ಒಟ್ಟು 23,040 ಬಿಟ್. ಹಳೆಯ ಸೈಕ್ಲೋನ್ 2 ಇಪಿ2ಸಿ5 ಎಫ್‌ಪಿಜಿಎ ಒಳಗೇ 1,19,808 ಬಿಟ್ ಮೆಮೊರಿ ಇದೆ.

625ನ್ನು 405ರಿಂದ ಭಾಗಿಸಿದರೆ 125/81. ಹಾಗಾಗಿ ದಶಮಾಂಶದ ಗೋಜೇ ಬೇಡ. ಪ್ರತಿ ಹೊರ ಲೈನ್‌ಗೂ ಒಂದು ಎಣಿಕೆಗೆ 125 ಸೇರಿಸಿ, 81ರಿಂದ ಭಾಗಿಸಿ. ಭಾಗಲಬ್ಧ ಯಾವ ಒಳ ಲೈನ್ ಅಂತ ಹೇಳುತ್ತದೆ, ಶೇಷ ಅದರ ಮುಂದಿನ ಲೈನನ್ನು ಎಷ್ಟು ಬೆರೆಸಬೇಕು ಅಂತ ಹೇಳುತ್ತದೆ. ಮೊದಲ ಹೊರ ಲೈನ್ 0. ಎರಡನೆಯದು 1ನೇ ಲೈನ್, ಶೇಷ 44. ಅಂದರೆ 1ನೇ ಲೈನ್‌ನ 37 ಪಾಲು, 2ನೇ ಲೈನ್‌ನ 44 ಪಾಲು, ಒಟ್ಟು 81. ಮೂರನೆಯದು 3ನೇ ಲೈನ್, ಶೇಷ 7. ನಾಲ್ಕನೆಯದು 4, ಶೇಷ 51. ಎರಡನೇ ಫೀಲ್ಡ್ ಅರ್ಧ ಲೈನ್ ಸರಿದು ಶುರುವಾಗುವುದರಿಂದ ಅಲ್ಲಿ ಎಣಿಕೆ 0ಯಿಂದ ಅಲ್ಲ, 22ರಿಂದ ಆರಂಭ. ಇದನ್ನು ಮರೆತರೆ ಓರೆ ಗೆರೆಗಳು ಹಲ್ಲುಹಲ್ಲಾಗಿ ಕಾಣುತ್ತವೆ.

ಎಫ್‌ಪಿಜಿಎ ಬೇಡ, ಬಿಡಿ ಐಸಿಗಳಲ್ಲೇ ಕಟ್ಟುತ್ತೇನೆ ಅನ್ನುವವರು ಐಡಿಟಿ7203 ತರಹದ ಫಿಫೋ (ಮೊದಲು ಬಂದದ್ದನ್ನು ಮೊದಲು ಹೊರಗೆ ಕೊಡುವ ಮೆಮೊರಿ) ಹುಡುಕಬಹುದು. ಎಎಲ್422ಬಿ ಫಿಫೋ ಬೇಕಾದರೆ ಅದೊಂದನ್ನೇ ಹುಡುಕಬೇಡಿ. ಓವಿ7670 ಕ್ಯಾಮೆರಾ ಮಾಡ್ಯೂಲ್‌ನಲ್ಲಿ ಫಿಫೋ ಇರುವ ಮಾದರಿಯ ಬೆನ್ನಿಗೆ ಅದು ಕೂತಿರುತ್ತದೆ.

ಹೆಜ್ಜೆ 5: ಲಾಜಿಕ್ ಬೋರ್ಡ್

ಬಿಡಿ ಎಫ್‌ಪಿಜಿಎ ಐಸಿ ಕೊಳ್ಳಬೇಡಿ, ಸಿದ್ಧ ಬೋರ್ಡ್ ಕೊಳ್ಳಿ. ಅದನ್ನು ಪಿನ್ ಹೆಡರ್‌ನಲ್ಲಿ ಕೂರಿಸಿ, ಬೆಸುಗೆ ಹಾಕಬೇಡಿ. ಸಿಪೀಡ್‌ನ ಟ್ಯಾಂಗ್ ನ್ಯಾನೋ 9ಕೆ ನನಗೆ ಇಷ್ಟ. 8,640 ಲಟ್ (ಲಾಜಿಕ್‌ನ ಚಿಕ್ಕ ಘಟಕ), 468 ಕಿಲೋಬಿಟ್ ಮೆಮೊರಿ, ಮೇಲೆ 27 ಮೆಗಾಹರ್ಟ್ಜ್ ಕ್ರಿಸ್ಟಲ್. ಇದರ ಕೆಲವು ಪಿನ್‌ಗಳು 1.8 ವೋಲ್ಟ್ ಬ್ಯಾಂಕಿನವು. ಪಿನ್ ನಕ್ಷೆ ನೋಡದೆ ಡಿಕೋಡರ್‌ನ 3.3 ವೋಲ್ಟ್ ತಂತಿ ಅಲ್ಲಿಗೆ ಕೊಟ್ಟರೆ ಬೋರ್ಡ್ ಹೋದಂತೆಯೇ. ಸೈಕ್ಲೋನ್ 4ರ ಇಪಿ4ಸಿಇ6 ಬೋರ್ಡ್ ಕೂಡ ಧಾರಾಳವಾಗಿ ಸಾಕು. ಸೈಕ್ಲೋನ್ 2 ಬೋರ್ಡ್ ಈಗಾಗಲೇ ಇದ್ದರೆ ಅದಕ್ಕೆ ಬೇಕಾದ ಕ್ವಾರ್ಟಸ್ ಕೊನೆಯ ಆವೃತ್ತಿ 13.0 ಎಸ್‌ಪಿ1. ಅದನ್ನು ಇಳಿಸಿಟ್ಟುಕೊಳ್ಳಿ. ಸಾಫ್ಟ್‌ವೇರ್ ಕೂಡ ಒಂದು ಬಿಡಿಭಾಗವೇ, ಅಲ್ವಾ?

ಕ್ಲಾಕ್ ಲೆಕ್ಕ ತುಂಬಾ ಚೆನ್ನಾಗಿ ಕೂಡಿಬರುತ್ತದೆ. ಡಿಕೋಡರ್ ಕೊಡುವ 27 ಮೆಗಾಹರ್ಟ್ಜ್ ಕ್ಲಾಕನ್ನು ಎಫ್‌ಪಿಜಿಎ ಒಳಗಿನ ಪಿಎಲ್‌ಎಲ್‌ನಲ್ಲಿ ಮೂರು ಪಟ್ಟು ಮಾಡಿ: 81 ಮೆಗಾಹರ್ಟ್ಜ್. ಅದನ್ನು 8,000ದಿಂದ ಭಾಗಿಸಿದರೆ ಸರಿಯಾಗಿ 10,125. ಅರ್ಧ ಲೈನ್‌ಗೆ 4,000. ಒಂದು ಸ್ಯಾಂಪಲ್‌ಗೆ 9 ಎಣಿಕೆ ಕೊಟ್ಟರೆ 720 ಸ್ಯಾಂಪಲ್ ಸರಿಯಾಗಿ 80 ಮೈಕ್ರೋಸೆಕೆಂಡ್ ತುಂಬುತ್ತವೆ. ಉಳಿದ 18.77ರಲ್ಲಿ ಮುಂದಿನ ಪೋರ್ಚ್ (ಸಿಂಕ್‌ಗೆ ಮುಂಚಿನ ಕಪ್ಪು ಹೊತ್ತು) ಸುಮಾರು 1.75, ಸಿಂಕ್ 9, ಮಿಕ್ಕಿದ್ದು ಹಿಂದಿನ ಪೋರ್ಚ್ (ಸಿಂಕ್ ಆದ ಮೇಲಿನದು). ಫೀಲ್ಡ್ ಸಿಂಕ್‌ಗೆ 40 ಮೈಕ್ರೋಸೆಕೆಂಡಿನ ಎಂಟು ಅಗಲ ಪಲ್ಸ್, ಅರ್ಧ ಲೈನ್‌ಗೊಂದರಂತೆ. 625ರಲ್ಲಿರುವ ಈಕ್ವಲೈಸಿಂಗ್ ಪಲ್ಸ್ ಇಲ್ಲಿ ಇಲ್ಲ, ಸೇರಿಸಬೇಡಿ. ಚಿತ್ರದ ಮೇಲೆ ಕೆಳಗೆ ಸೇರಿ ಫೀಲ್ಡ್‌ಗೆ ಎರಡು ಲೈನ್‌ನಷ್ಟು ಕಪ್ಪು ಉಳಿಯುತ್ತದೆ, ಪರದೆಯ ಚೌಕಟ್ಟಿನ ಹಿಂದೆ ಅದು ಮುಚ್ಚಿಹೋಗುತ್ತದೆ.

ಡಿಕೋಡರ್ ಕ್ಲಾಕ್ ತಂತಿಯನ್ನು ಎಫ್‌ಪಿಜಿಎಯ ಕ್ಲಾಕ್ ಪಿನ್‌ಗೇ ತರಬೇಕು. ಸಿಕ್ಕ ಪಿನ್‌ಗೆ ತಂದರೆ ಚಿತ್ರ ನಡುಗುತ್ತದೆ.

ಹೆಜ್ಜೆ 6: ಡಿಎಸಿ ಮತ್ತು ಫಿಲ್ಟರ್

ಅಂಕಿಯನ್ನು ಮತ್ತೆ ವೋಲ್ಟೇಜ್ ಮಾಡುವುದು ಡಿಎಸಿ. ಇಲ್ಲಿ ಐಸಿಯೇ ಬೇಡ. 1 ಕಿಲೋ ಓಮ್, 1 ಶೇಕಡಾ ಮೆಟಲ್ ಫಿಲ್ಮ್ ರೆಸಿಸ್ಟರ್‌ಗಳಲ್ಲಿ 8 ಬಿಟ್ ಆರ್-2ಆರ್ ಏಣಿ ಕಟ್ಟಿ. 2 ಕಿಲೋ ಬೇಕಾದ ಕಡೆ ಎರಡು 1 ಕಿಲೋ ಸಾಲಾಗಿ ಹಾಕಿ. ಎಲ್ಲವೂ ಒಂದೇ ಪಟ್ಟಿಯಿಂದ ಕತ್ತರಿಸಿದವಾದರೆ ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ. ಆಮೇಲೆ ಬಿಸಿ547 ಎಮಿಟರ್ ಫಾಲೋವರ್, 75 ಓಮ್, ಮಟ್ಟ ಹೊಂದಿಸಲು ಒಂದು ಪ್ರೀಸೆಟ್. ಸಿಂಕ್ ತುದಿ 0, ಕಪ್ಪು 77, ಬಿಳಿ 255 ಅಂತ ಎಫ್‌ಪಿಜಿಎಯಲ್ಲಿ ಬರೆಯಿರಿ. ಕಪ್ಪು 30 ಶೇಕಡಾದಲ್ಲಿ ಕೂರುತ್ತದೆ, ಮಾಡ್ಯುಲೇಟರ್‌ಗೂ ಅದೇ ಅನುಪಾತ ಬೇಕು.

ಫಿಲ್ಟರ್ ಬಿಡಬೇಡಿ. 3 ಮೆಗಾಹರ್ಟ್ಜ್‌ಗಿಂತ ಮೇಲಿನದು ಉಳಿದರೆ 3.5ರಲ್ಲಿರುವ ಧ್ವನಿಗೆ ನುಗ್ಗಿ ಗುಂಯ್ ಅನ್ನುತ್ತದೆ. ಬಿಳಿ ಅಕ್ಷರ ತೆರೆಯ ಮೇಲೆ ಬಂದಾಗಲೆಲ್ಲ ಸ್ಪೀಕರ್ ಗುಂಯ್‌ಗುಟ್ಟಿದರೆ ಮೊದಲು ಇಲ್ಲೇ ನೋಡಿ.

ಹೆಜ್ಜೆ 7: ಮಾಡ್ಯುಲೇಟರ್

ವಿಸಿಆರ್ ಅಥವಾ ಗೇಮ್ ಕನ್ಸೋಲ್‌ನಿಂದ ಬಿಚ್ಚಿದ ಮಾಡ್ಯುಲೇಟರ್ ಸಾಮಾನ್ಯವಾಗಿ ನೆಗೆಟಿವ್ ಮಾಡ್ಯುಲೇಶನ್‌ನದು, ಎಫ್‌ಎಂ ಧ್ವನಿಯದು. ಅದು ಇಲ್ಲಿಗೆ ಆಗದು. ಇದನ್ನು ಕೈಯಲ್ಲೇ ಕಟ್ಟಬೇಕು.

ಕ್ಯಾರಿಯರ್‌ಗೆ ಎಸ್‌ಐ5351ಎ ಮಾಡ್ಯೂಲ್ ಹಾಕಿ. ಒಂದೇ ಚಿಕ್ಕ ಬೋರ್ಡ್‌ನಿಂದ 45.00 ಮತ್ತು 41.50 ಎರಡೂ ಬರುತ್ತವೆ, ಬೇರೆ ಚಾನೆಲ್ ಬೇಕಾದರೆ ಐ2ಸಿಯಲ್ಲಿ ಸಂಖ್ಯೆ ಬದಲಾಯಿಸಿದರೆ ಆಯಿತು. ಮೊದಲು ಪ್ರತಿ ಚಾನೆಲ್‌ಗೂ ಬೇರೆ ಕ್ರಿಸ್ಟಲ್ ಅರೆಸಿ ತರಿಸಬೇಕಿತ್ತು, ಆ ಕಷ್ಟ ಈಗ ಇಲ್ಲ. ಇದು ಚೌಕ ಅಲೆ ಕೊಡುತ್ತದೆ, ಹಾಗಾಗಿ ಎರಡಕ್ಕೂ ಲೋ ಪಾಸ್ ಫಿಲ್ಟರ್ ಬೇಕು.

ಮಾಡ್ಯುಲೇಶನ್‌ಗೆ ಹೆಸರಾದದ್ದು ಎಂಸಿ1496. ಚಿತ್ರಕ್ಕೊಂದು, ಧ್ವನಿಗೊಂದು. ಸಿಗದಿದ್ದರೆ ನಾಲ್ಕು ಡಯೋಡ್‌ನ ರಿಂಗ್ ಮಾಡಿ: ಒಂದೇ ಪಟ್ಟಿಯ 1ಎನ್4148ಗಳಲ್ಲಿ ಮೀಟರ್ ಹಿಡಿದು ಫಾರ್ವರ್ಡ್ ವೋಲ್ಟೇಜ್ ಹೊಂದುವ ನಾಲ್ಕನ್ನು ಆರಿಸಿ, ಎರಡು ಚಿಕ್ಕ ಫೆರೈಟ್ ಉಂಗುರಕ್ಕೆ ತಂತಿ ಸುತ್ತಿ. ವಿಡಿಯೋ ಜೊತೆ ಸ್ವಲ್ಪ ಡಿಸಿ ಕೊಟ್ಟರೆ ಅದೇ ಎಎಂ ಮಾಡ್ಯುಲೇಟರ್. ಈ ಪಾರ್ಟ್ ಯಾವತ್ತೂ ನಿಂತುಹೋಗುವುದಿಲ್ಲ, ಅದಕ್ಕೇ ನನಗೆ ಇದರ ಮೇಲೆ ಪ್ರೀತಿ. ಸಿಂಕ್ ತುದಿಯಲ್ಲಿ ಕ್ಯಾರಿಯರ್ ಬಹುತೇಕ ಸೊನ್ನೆ ಆಗುವ ಹಾಗೆ ಡಿಸಿ ಹೊಂದಿಸಿ. ಧ್ವನಿಯ ಕ್ಯಾರಿಯರ್ ವೋಲ್ಟೇಜ್ ಚಿತ್ರದ್ದರ ಅರ್ಧ ಇರಲಿ.

ಇದರ ಔಟ್‌ಪುಟ್ ಕೇಬಲ್‌ನಲ್ಲೇ ಸೆಟ್‌ಗೆ ಹೋಗಬೇಕು. ಆಂಟೆನಾಕ್ಕೆ ಜೋಡಿಸಬೇಡಿ. ಲೈಸೆನ್ಸ್ ಇಲ್ಲದೆ ಪ್ರಸಾರ ಮಾಡುವುದು ಭಾರತದಲ್ಲೂ ಬ್ರಿಟನ್ನಿನಲ್ಲೂ ಅಪರಾಧ.

ಹೆಜ್ಜೆ 8: ಕೊಳ್ಳುವ ವಿಧಾನ

ಪಾರ್ಟ್ ನಂಬರ್ ಸಿಕ್ಕ ಕೂಡಲೇ ತಯಾರಕರ ಪುಟದಲ್ಲಿ ಸ್ಥಿತಿ ನೋಡಿ. ಆ್ಯಕ್ಟಿವ್ ಅಂತ ಇದ್ದರೆ ನೆಮ್ಮದಿ. ಹೊಸ ವಿನ್ಯಾಸಕ್ಕೆ ಶಿಫಾರಸು ಇಲ್ಲ ಅಂತ ಇದ್ದರೆ ಕೊನೆಯ ದಿನ ಹತ್ತಿರ ಅಂತ ತಿಳಿಯಿರಿ, ಬೇಕಾದಷ್ಟು ಈಗಲೇ ಕೊಳ್ಳಿ. ಲಾಸ್ಟ್ ಟೈಮ್ ಬೈ (ಕೊನೆಯ ಸಲ ಕೊಳ್ಳುವ ಅವಕಾಶ) ಅಂತ ಇದ್ದರೆ ಇವತ್ತೇ ಕೊಳ್ಳಿ. ಪೂರ್ತಿ ನಿಂತಿದ್ದರೆ ರೋಚೆಸ್ಟರ್ ಎಲೆಕ್ಟ್ರಾನಿಕ್ಸ್‌ನಂಥ ಅಧಿಕೃತ ಹಳೇ ಸ್ಟಾಕ್‌ನವರನ್ನು ಮೊದಲು ನೋಡಿ. ಡಿಕೋಡರ್, ಎಫ್‌ಪಿಜಿಎ ಬೋರ್ಡ್ ತಲಾ ಮೂರು ಇಟ್ಟುಕೊಳ್ಳಿ. ಒಂದು ಬಳಕೆಗೆ, ಒಂದು ಕೈತಪ್ಪಿದರೆ, ಒಂದು ಹತ್ತು ವರ್ಷದ ಆಮೇಲೆ.

ರೆಸಿಸ್ಟರ್, ಕನೆಕ್ಟರ್, ಫೆರೈಟ್, ರೆಗ್ಯುಲೇಟರ್, ಡಬ್ಬಿ ಇವೆಲ್ಲ ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ಒಂದೇ ಮಧ್ಯಾಹ್ನದಲ್ಲಿ ಸಿಗುತ್ತವೆ. ಊರಿಗೆ ಬಂದಾಗಲೆಲ್ಲ ನಾನು ಪಟ್ಟಿ ಹಿಡಿದು ಹೋಗುತ್ತೇನೆ. "ಒರಿಜಿನಲ್ ಬೇಕಾ ಸರ್, ಚೈನಾ ಬೇಕಾ?" ಅಂತ ಅಂಗಡಿಯವರೇ ಕೇಳುತ್ತಾರೆ. ಡಿಕೋಡರ್ ಐಸಿ ಮಾತ್ರ ಅಧಿಕೃತ ಡಿಸ್ಟ್ರಿಬ್ಯೂಟರ್ ಹತ್ತಿರವೇ ತಗೊಳ್ಳಿ.

ಯಾಕೆ ಅಂದರೆ, ಒಮ್ಮೆ ನಾನು ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರರಿಂದ ಐದು ಎಸ್‌ಎಎ7113ಎಚ್ ತರಿಸಿದೆ. ನೋಡಲು ಹೊಸದರ ಹಾಗೇ ಇದ್ದವು. ಅಸಿಟೋನ್ ಅದ್ದಿದ ಹತ್ತಿಕಡ್ಡಿಯನ್ನು ಮೇಲೆ ಉಜ್ಜಿದೆ. ಹತ್ತಿ ಕಪ್ಪಗಾಯಿತು. ಇನ್ನೊಂದು ಸಲ ಉಜ್ಜಿದಾಗ ಹೊಸ ಅಕ್ಷರಗಳ ಕೆಳಗೆ ಉದ್ದುದ್ದ ಕೆರೆದ ಗೀರು ಕಂಡಿತು. ಬೇರೆ ಯಾವುದೋ ಐಸಿಯ ತಲೆ ಉಜ್ಜಿ, ಕಪ್ಪು ಬಳಿದು, ಹೊಸ ಹೆಸರು ಅಚ್ಚು ಹಾಕಿದ್ದರು. ಐದರಲ್ಲಿ ಮೂರು ಹಾಗೆ. ಅಂದಿನಿಂದ ಬೆಸುಗೆಗೆ ಮುಂಚೆ ನಾಲ್ಕು ವಿಷಯ ನೋಡುತ್ತೇನೆ: ಹತ್ತಿಕಡ್ಡಿ ಕಪ್ಪಾಗುತ್ತದೆಯೇ, ಒಂದನೇ ಪಿನ್ನಿನ ಗುಳಿಯ ತಳ ನುಣುಪಾಗಿದೆಯೇ ಅಥವಾ ಬಣ್ಣ ತುಂಬಿದೆಯೇ, ಕಾಲುಗಳಲ್ಲಿ ಹಳೇ ಸೀಸ ಅಂಟಿದೆಯೇ, ಒಂದೇ ಪಟ್ಟಿಯ ಐಸಿಗಳ ತಾರೀಖು ಕೋಡ್ ಒಂದೇ ಇದೆಯೇ.

ಹೆಜ್ಜೆ 9: ಒಂದೊಂದಾಗಿ ಜೋಡಿಸಿ

ಮೊದಲು ಲಾಜಿಕ್ ಬೋರ್ಡ್ ಮಾತ್ರ. ಅದರ ಸ್ವಂತ 27 ಮೆಗಾಹರ್ಟ್ಜ್ ಕ್ರಿಸ್ಟಲ್‌ನಿಂದಲೇ ಬೂದು ಪಟ್ಟಿಗಳ ಟೆಸ್ಟ್ ಚಿತ್ರ ಮಾಡಿ, ಆಸಿಲೋಸ್ಕೋಪ್‌ನಲ್ಲಿ 98.77 ಮೈಕ್ರೋಸೆಕೆಂಡ್ ನೋಡಿ. ಆಮೇಲೆ ಮಾಡ್ಯುಲೇಟರ್. ಡಿಕೋಡರ್ ಕೊನೆಗೆ. ಎಲ್ಲವನ್ನೂ ಒಟ್ಟಿಗೆ ಜೋಡಿಸಿದರೆ ತಪ್ಪು ಎಲ್ಲಿದೆ ಅಂತ ಗೊತ್ತಾಗುವುದೇ ಇಲ್ಲ.

ಸೆಟ್‌ಗೆ ಕೇಬಲ್ ಸಿಕ್ಕಿಸುವ ಮುಂಚೆ ಇದನ್ನು ದಯವಿಟ್ಟು ಓದಿ. ಆ ಕಾಲದ ಎಷ್ಟೋ ಸೆಟ್‌ಗಳ ಚಾಸಿಸ್ (ಒಳಗಿನ ಲೋಹದ ತಟ್ಟೆ) ನೇರ ಮೇನ್ಸ್‌ಗೆ ಸೇರಿರುತ್ತದೆ. ಏರಿಯಲ್ ಸಾಕೆಟ್‌ಗೂ ಚಾಸಿಸ್‌ಗೂ ನಡುವೆ ಇರುವುದು ಒಂದೆರಡು ಚಿಕ್ಕ ಕೆಪಾಸಿಟರ್ ಮಾತ್ರ. ಎಪ್ಪತ್ತು ವರ್ಷದ ಕೆಪಾಸಿಟರ್ ಸೋರಿದರೆ ನಿಮ್ಮ ಕನ್ವರ್ಟರ್‌ನ ಡಬ್ಬಿ, ಅದಕ್ಕೆ ಸಿಕ್ಕಿಸಿದ ಡಿವಿಡಿ ಪ್ಲೇಯರ್, ಎಲ್ಲದಕ್ಕೂ ಮೇನ್ಸ್ ಬರುತ್ತದೆ. ಆ ಕೆಪಾಸಿಟರ್‌ಗಳನ್ನು ಬಿಚ್ಚಿ ಮೇನ್ಸ್‌ನಿಂದ ಬೇರ್ಪಡಿಸಲೆಂದೇ ಮಾಡಿದ ವೈ1 ದರ್ಜೆಯ 1 ನ್ಯಾನೋಫ್ಯಾರಡ್‌ನವು ಹಾಕಿ. ಸೆಟ್ಟನ್ನು ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಮೂಲಕವೇ ಓಡಿಸಿ. ವಾಲ್ವ್ ಸೆಟ್ ಕೆಲಸ ಗೊತ್ತಿಲ್ಲದಿದ್ದರೆ ಗೊತ್ತಿರುವವರ ಪಕ್ಕ ಕೂತು ಮಾಡಿ.

ಆನ್ ಮಾಡಿ ಒಂದು ನಿಮಿಷ ಕಾಯಿರಿ. ಮೊದಲು ಸಣ್ಣ ಶಿಳ್ಳೆ ಕೇಳಿಸುತ್ತದೆ. ಅದು ಲೈನ್ ಟ್ರಾನ್ಸ್‌ಫಾರ್ಮರ್‌ನ 10,125 ಹರ್ಟ್ಜ್. 625 ಸೆಟ್‌ನ 15,625ರ ಶಿಳ್ಳೆ ವಯಸ್ಸಾದವರಿಗೆ ಕೇಳುವುದು ಕಡಿಮೆ, ಇದು ಹೆಚ್ಚಿನವರಿಗೆ ಕೇಳುತ್ತದೆ. ಪರದೆಯ ಮೇಲೆ ಓರೆಯಾಗಿ ಹರಿದ ಪಟ್ಟಿಗಳು ಕಂಡರೆ ಗಾಬರಿ ಬೇಡ, ಹಿಂದಿನ ಲೈನ್ ಹೋಲ್ಡ್ ಗುಂಡಿಯನ್ನು ನಿಧಾನವಾಗಿ ತಿರುಗಿಸಿ. ಶಿಳ್ಳೆಯ ಸ್ವರ ಸ್ವಲ್ಪ ಸರಿದು ಒಂದು ಕಡೆ ಗಟ್ಟಿಯಾಗಿ ನಿಲ್ಲುತ್ತದೆ. ಅದೇ ಕ್ಷಣಕ್ಕೆ ಚಿತ್ರವೂ ನೆಟ್ಟಗಾಗುತ್ತದೆ. ಉರುಳುತ್ತಿದ್ದರೆ ಫ್ರೇಮ್ ಹೋಲ್ಡ್. ಚಿತ್ರ ನೆಗೆಟಿವ್ ಫೋಟೋದ ಹಾಗೆ ಕಂಡರೆ ಮಾಡ್ಯುಲೇಶನ್ ತಿರುಗಿದೆ. ಚಿತ್ರ ಸರಿ ಇದ್ದು ಧ್ವನಿ ಮಾತ್ರ ಇಲ್ಲದಿದ್ದರೆ ಎಸ್‌ಐ5351ಎಯ ಎರಡನೇ ಔಟ್‌ಪುಟ್ ಅಳೆಯಿರಿ.

ಎಲ್ಲ ಸರಿಯಾದ ದಿನವೇ ಇನ್ನೊಂದು ಕೆಲಸ ಮಾಡಿ. ಉಳಿದ ಐಸಿಗಳನ್ನು ಆ್ಯಂಟಿಸ್ಟ್ಯಾಟಿಕ್ ಚೀಲಕ್ಕೆ ಹಾಕಿ, ಎಲ್ಲಿ ಯಾವಾಗ ಕೊಂಡಿರಿ ಅಂತ ಬರೆದು ಕನ್ವರ್ಟರ್ ಡಬ್ಬಿಯೊಳಗೇ ಇಡಿ. ಡಿಕೋಡರ್‌ಗೆ ಕೊಟ್ಟ ಐ2ಸಿ ಸಂಖ್ಯೆಗಳನ್ನು, ಮೂರು ಬೋರ್ಡ್ ನಡುವಿನ ಪಿನ್ ಪಟ್ಟಿಯನ್ನು ಕಾಗದದಲ್ಲಿ ಪ್ರಿಂಟ್ ಮಾಡಿ ಮುಚ್ಚಳದ ಒಳಗೆ ಅಂಟಿಸಿ. ಎಫ್‌ಪಿಜಿಎ ಫೈಲ್‌ಗಳನ್ನೂ, ಅದನ್ನು ಕಂಪೈಲ್ ಮಾಡಿದ ಸಾಫ್ಟ್‌ವೇರ್‌ನ ಇನ್‌ಸ್ಟಾಲರನ್ನೂ ಒಂದು ಪೆನ್‌ಡ್ರೈವ್‌ಗೆ ಹಾಕಿ ಅದೇ ಚೀಲದಲ್ಲಿಡಿ.